ಬಾನಿಂದ ಬಿದ್ದ ಕಲ್ಲು ಮತ್ತು ಕಾನೂನು: ಸಾಂಗ್ಲಿ–ಮಿರಜ ಭಾಗದ ನಾಗರಿಕರು ತಿಳಿದಿರಬೇಕಾದದ್ದು

ಆಕಾಶದಲ್ಲಿ ಉರಿಯುತ್ತ ಸಾಗುವ ಬೆಳಕಿನ ಗೆರೆಯನ್ನು ಉಲ್ಕೆ ಎಂದೂ, ಹಾಗೆ ಉರಿದ ಮೇಲೂ ಉಳಿದು ನೆಲ ಸೇರಿದ ಘನವಸ್ತುವನ್ನು ಉಲ್ಕಾಶಿಲೆ ಎಂದೂ ಕರೆಯಲಾಗುತ್ತದೆ. ನೆಲಕ್ಕೆ ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಕಲ್ಲಿನವೇ ಆಗಿದ್ದು, ಅವುಗಳ ಒಡಲಲ್ಲಿ ಕಬ್ಬಿಣ ಮತ್ತು ನಿಕಲ್ ಮಿಶ್ರಲೋಹದ ಸಣ್ಣ ಕಣಗಳು ಹರಡಿಕೊಂಡಿರುತ್ತವೆ. 1848ರಲ್ಲಿ ಧಾರವಾಡ ಸೀಮೆಯಲ್ಲಿ, 1865ರಲ್ಲಿ ಮೈಸೂರು ಸಂಸ್ಥಾನದ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ, 1879ರಲ್ಲಿ ಸಾತಾರಾ ಸೀಮೆಯ ಕಲುಂಬಿಯಲ್ಲಿ ಇಂಥ ಕಲ್ಲುಗಳು ಬಿದ್ದದ್ದು ದಾಖಲಾಗಿದೆ. 2012ರ ಮೇ 22ರಂದು ನಾಗ್ಪುರ ಜಿಲ್ಲೆಯ ಕಾಟೋಲದಲ್ಲಿ ಹಲವು ತುಣುಕುಗಳು ಸುರಿದವು. ಕೃಷ್ಣಾ ತೀರದ ಸಾಂಗ್ಲಿವಾಡಿಯಲ್ಲಾಗಲಿ, ಮಿರಜ ಅಥವಾ ಜತ್ತ ತಾಲೂಕಿನ ಕನ್ನಡ ಮಾತಾಡುವ ಹಳ್ಳಿಗಳಲ್ಲಾಗಲಿ ನಾಳೆ ಹೀಗೆಯೇ ಒಂದು ಕಲ್ಲು ಬಿದ್ದರೆ ಅದು ಯಾರದು, ಕಂಡವರ ಹಕ್ಕೇನು, ಹೊಣೆಯೇನು ಎಂಬುದನ್ನು ಮೊದಲೇ ತಿಳಿದಿರುವುದು ಅಗತ್ಯ. ಏಕೆಂದರೆ ಮೊದಲ ಎರಡು ಮೂರು ದಿನಗಳಲ್ಲಿ ಆಗುವ ಬರಹದ ದಾಖಲೆಯೇ ಕಲ್ಲಿನ ವೈಜ್ಞಾನಿಕ ಬೆಲೆಯನ್ನೂ ಕಂಡವರ ಕಾನೂನುಬದ್ಧ ನೆಲೆಯನ್ನೂ ನಿರ್ಧರಿಸುತ್ತದೆ.

ಒಡೆತನದ ಪ್ರಶ್ನೆಗೆ ದೇಶದೇಶಗಳ ಉತ್ತರ ಬೇರೆ ಬೇರೆ. ಅಮೆರಿಕದ ಅಯೋವಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1892ರಲ್ಲಿ, ಬಿದ್ದ ಕಲ್ಲು ಎತ್ತಿಕೊಂಡವನದಲ್ಲ, ಅದು ಬಿದ್ದ ಭೂಮಿಯ ಒಡೆಯನದು ಎಂದು ತೀರ್ಪಿತ್ತಿತು. ಭಾರತದಲ್ಲಿ ಉಲ್ಕಾಶಿಲೆಗಳಿಗೆಂದೇ ರಚಿತವಾದ ಪ್ರತ್ಯೇಕ ಕಾಯ್ದೆಯಿಲ್ಲದಿದ್ದರೂ, 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲಕ ಸಂಸ್ಥೆಯಾಗಿದ್ದು, ಅವುಗಳ ರಾಷ್ಟ್ರೀಯ ಸಂಗ್ರಹ ಕೋಲ್ಕತ್ತದಲ್ಲಿದೆ. ಇದರ ಜೊತೆಗೆ 1966ರ ಮಹಾರಾಷ್ಟ್ರ ಭೂ ಕಂದಾಯ ಸಂಹಿತೆಯ 48ನೇ ಕಲಮು ನೆಲದ ಮೇಲಿರಲಿ ಒಳಗಿರಲಿ, ಎಲ್ಲ ಖನಿಜಗಳ ಹಕ್ಕನ್ನು ರಾಜ್ಯ ಸರ್ಕಾರಕ್ಕೆ ಕಾಯ್ದಿರಿಸುತ್ತದೆ. ಆದ್ದರಿಂದ ತನ್ನ ಹೊಲದಲ್ಲಿ ಬಿದ್ದದ್ದು ತನ್ನದೇ ಎಂದು ರೈತನೊಬ್ಬ ಅದನ್ನು ವ್ಯಾಪಾರಿಗೆ ಮಾರಿಬಿಡುವುದು ಸುರಕ್ಷಿತ ದಾರಿಯಲ್ಲ.

ನೇಗಿಲಿಗೋ ಬಾವಿ ತೋಡುವಾಗಲೋ ಮಣ್ಣಿನಡಿಯಿಂದ ಹಳೆಯ ಉಲ್ಕಾಶಿಲೆ ಸಿಕ್ಕರೆ 1878ರ ಭಾರತೀಯ ನಿಧಿ ಕಾಯ್ದೆಯನ್ನೂ ಗಮನಿಸಬೇಕು. ಮನುಷ್ಯರು ಹೂತಿಟ್ಟ ಸಂಪತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ಕಾಯ್ದೆಯಾದರೂ, ನೆಲದಲ್ಲಿ ಅಡಗಿರುವ ಬೆಲೆಯುಳ್ಳ ಯಾವುದೇ ವಸ್ತುವನ್ನು ನಿಧಿಯೆಂದು ಅದರ ವ್ಯಾಖ್ಯೆ ಹೇಳುತ್ತದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕವರು ಜಿಲ್ಲಾಧಿಕಾರಿಗೆ ಲಿಖಿತ ಸೂಚನೆ ಕೊಡಬೇಕು, ಕೊಡದಿದ್ದರೆ ಒಂದು ವರ್ಷದವರೆಗಿನ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಒಂದು ಅರ್ಜಿ ಬರೆಯುವುದರಿಂದ ಈ ಅಪಾಯ ಬಹುಮಟ್ಟಿಗೆ ತಪ್ಪುವುದಾದರೆ ಅದನ್ನು ಬರೆಯದಿರಲು ಕಾರಣವಿಲ್ಲ. 2022ರ ಡಿಸೆಂಬರಿನಲ್ಲಿ ಗಣಿ ಸಚಿವಾಲಯ ಪ್ರಕಟಿಸಿದ ಭೂಪರಂಪರೆಯ ಕರಡು ಮಸೂದೆ ಉಲ್ಕಾಶಿಲೆಗಳನ್ನು ಹೆಸರಿಸಿಯೇ ಭೂ ಅವಶೇಷಗಳ ಸಾಲಿಗೆ ಸೇರಿಸಿದೆಯಾದರೂ ಕರಡು ಎಂಬುದು ಕಾನೂನಲ್ಲ.

ಹುಡುಕಿಕೊಂಡು ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಬೇರೆಯವರ ಹೊಲಕ್ಕೆ ಒಡೆಯರ ಒಪ್ಪಿಗೆಯಿಲ್ಲದೆ ಇಳಿಯಬಾರದು. ಕಾಯ್ದಿಟ್ಟ ಅರಣ್ಯದ ಕಲ್ಲು ಮತ್ತು ಖನಿಜ 1927ರ ಅರಣ್ಯ ಕಾಯ್ದೆಯ ಪ್ರಕಾರ ಅರಣ್ಯ ಉತ್ಪನ್ನಗಳೇ ಆಗಿವೆ, ಮತ್ತು ಸಾಗರೇಶ್ವರದಂಥ ಅಭಯಾರಣ್ಯದಿಂದ ಅರಣ್ಯ ಉತ್ಪನ್ನವನ್ನು ಅನುಮತಿಯಿಲ್ಲದೆ ಒಯ್ಯುವುದನ್ನು 1972ರ ವನ್ಯಜೀವಿ ಕಾಯ್ದೆಯೂ ತಡೆಯುತ್ತದೆ.

ಕಲ್ಲು ಬಿದ್ದದ್ದನ್ನು ಕಂಡವರು ಅದನ್ನು ಎತ್ತುವ ಮುಂಚೆ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಮೊಬೈಲಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶಗಳನ್ನೂ ದಿನ, ಹೊತ್ತು, ಕೇಳಿದ ಸದ್ದುಗಳನ್ನೂ ಬರೆದಿಟ್ಟು, ಊರಿನ ಪೊಲೀಸ್ ಪಾಟೀಲರಿಗೂ ತಲಾಠಿಗೂ ತಿಳಿಸಿ, ತಹಸೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಪಂಚನಾಮೆ, ಅಂದರೆ ಸಾಕ್ಷಿಗಳ ಎದುರು ಸ್ಥಳ ಮತ್ತು ವಸ್ತುವನ್ನು ವಿವರಿಸಿ ಬರೆಯುವ ದಾಖಲೆ ಆಗುವಾಗ ತುಣುಕುಗಳ ಸಂಖ್ಯೆ, ತೂಕ ಮತ್ತು ಕಂಡವರ ಹೆಸರು ಅದರಲ್ಲಿ ಬಂದಿವೆಯೇ ಎಂದು ಓದಿ ನೋಡಿ ಸಹಿ ಮಾಡಬೇಕು. ಮನೆಯ ಹಂಚು ಒಡೆದಿದ್ದರೆ ಅದೂ ಅದರಲ್ಲಿ ಬರಬೇಕು. ಭೂವೈಜ್ಞಾನಿಕ ಸರ್ವೇಕ್ಷಣೆಯ ಮಧ್ಯ ವಲಯದ ಕಚೇರಿ ನಾಗ್ಪುರದಲ್ಲಿದ್ದು, ಅಲ್ಲಿಗೂ ನೇರವಾಗಿ ತಿಳಿಸಬಹುದು. ತಡಮಾಡಬಾರದೆಂಬುದಕ್ಕೆ ವೈಜ್ಞಾನಿಕ ಕಾರಣವೂ ಇದೆ: ಬಾಹ್ಯಾಕಾಶದ ಕಿರಣಗಳಿಂದ ಕಲ್ಲಿನಲ್ಲಿ ಹುಟ್ಟಿದ ಕೆಲವು ವಿಕಿರಣಶೀಲ ಪರಮಾಣುಗಳು ದಿನಗಳಲ್ಲೋ ವಾರಗಳಲ್ಲೋ ಕ್ಷಯಿಸಿಬಿಡುವುದರಿಂದ, ತಡವಾಗಿ ಬಂದ ಕಲ್ಲು ಅವುಗಳ ಬಗೆಗೆ ಏನನ್ನೂ ಹೇಳಲಾರದು. ಈ ವಿಕಿರಣ ಅತ್ಯಲ್ಪವಾಗಿದ್ದು ಮನುಷ್ಯರಿಗೆ ಅಪಾಯಕಾರಿಯಲ್ಲ.

ಅಧಿಕಾರಿಗಳು ಬರುವವರೆಗೆ ಕಲ್ಲನ್ನು ಕೆಡದಂತೆ ಇಡುವುದು ಕಂಡವರ ಕೈಯಲ್ಲಿರುವ ಅತಿ ದೊಡ್ಡ ಕೆಲಸ. ಲೋಹದ ಕಣಗಳಿಗೆ ತೇವ ತಗುಲಿದರೆ ತುಕ್ಕು ಹಿಡಿಯುತ್ತದೆ. ಬೆವರಿನ ಮತ್ತು ಮಣ್ಣಿನ ಉಪ್ಪಿನಲ್ಲಿರುವ ಕ್ಲೋರೈಡು ಆ ತುಕ್ಕನ್ನು ಒಳಗೊಳಗೇ ಬೆಳೆಸಿ, ಕಲ್ಲನ್ನು ಬಿರಿಸಿ ಪುಡಿಮಾಡುತ್ತದೆ. ಹಾಗಾಗಿ ಬರಿಗೈಯಿಂದ ಮುಟ್ಟದೆ, ನೀರಿನಲ್ಲಿ ತೊಳೆಯದೆ, ಹೊಸ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಪೊಟ್ಟಣಗಳನ್ನು ಆಗಾಗ ಬದಲಿಸಬೇಕು. ದೇವರ ಕಲ್ಲೆಂಬ ಭಕ್ತಿಯಿಂದ ಹಾಲು, ಎಣ್ಣೆ, ಕುಂಕುಮ ಹಚ್ಚುವ ರೂಢಿ ನಮ್ಮ ಸೀಮೆಯಲ್ಲಿ ಸಹಜ; ಆ ಭಕ್ತಿಯನ್ನು ಗೌರವಿಸಿಯೂ ಹೇಳಬೇಕಾದದ್ದು, ಅಭಿಷೇಕದಿಂದ ಕಲ್ಲಿನ ಒಳಗಿನ ಸಾವಯವ ರಸಾಯನಗಳ ಅಧ್ಯಯನ ಕೆಡುತ್ತದೆ ಎಂಬುದು. ಗುರುತಿಸಲೆಂದು ಬಲವಾದ ಅಯಸ್ಕಾಂತ ಹಿಡಿದರೆ ಕೋಟ್ಯಂತರ ವರ್ಷಗಳ ಕಾಂತೀಯ ಗುರುತು ಅಳಿಸಿಹೋಗುತ್ತದೆ. ಸಾಂಗ್ಲಿ ಜಿಲ್ಲೆಯ ಬಹುಭಾಗದ ತಳವಾದ ಕರಿಯ ಬಸಾಲ್ಟಿನಲ್ಲಿ ಮ್ಯಾಗ್ನೆಟೈಟ್ ಖನಿಜ ಇರುವುದರಿಂದ ಅದೂ ಅಯಸ್ಕಾಂತಕ್ಕೆ ಅಂಟುತ್ತದೆ. ಇಲ್ಲಿ ಆ ಪರೀಕ್ಷೆಯಿಂದ ಪ್ರಯೋಜನ ಕಡಿಮೆ, ಹಾನಿ ಹೆಚ್ಚು. ಹೊಸದಾಗಿ ಬಿದ್ದ ಉಲ್ಕಾಶಿಲೆಯನ್ನು ಅದರ ಮೇಲಿನ ತೆಳು ಕರಿ ಕರಗುಪದರದಿಂದ ಗುರುತಿಸುವುದೇ ಲೇಸು. 2019 ಮತ್ತು 2021ರ ಕೃಷ್ಣಾ ಮಹಾಪೂರವನ್ನು ಕಂಡ ಸಾಂಗ್ಲಿವಾಡಿಯಂಥಲ್ಲಿ ಶಾಲೆ ಅಥವಾ ಸಂಗ್ರಹಾಲಯಕ್ಕೆ ಅಧಿಕೃತವಾಗಿ ಬಂದ ಮಾದರಿಗಳನ್ನೂ ಅವುಗಳ ಕಾಗದಪತ್ರಗಳನ್ನೂ ಮೇಲಂತಸ್ತಿನಲ್ಲಿಯೇ ಇಡಬೇಕು.

ಕೋಟಿಗಟ್ಟಲೆ ಬೆಲೆಯ ಆಸೆ ತೋರಿಸಿ, ಇಸ್ರೋ ಅಥವಾ ನಾಸಾ ಖರೀದಿಸುತ್ತದೆಂದು ಹೇಳಿ, ಪರೀಕ್ಷೆಯ ಶುಲ್ಕವೆಂದು ಹಣ ಕೀಳುವ ‘ರೈಸ್ ಪುಲ್ಲರ್’ (ಅಕ್ಕಿಕಾಳನ್ನು ಸೆಳೆಯುತ್ತದೆಂದು ನಂಬಿಸುವ ವಸ್ತು) ಜಾತಿಯ ವಂಚನೆ ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲೂ ಬಡವರನ್ನು ಮುಳುಗಿಸಿದೆ. ಇದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ಮೋಸ. ಅಪರಾಧ ನಡೆದ ಸರಹದ್ದು ಯಾವುದೇ ಆಗಿದ್ದರೂ, ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಿ ಅದರ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕನ್ನು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಕೊಟ್ಟಿದೆ. ಪೊಲೀಸರು ಕಲ್ಲನ್ನೇ ಜಪ್ತಿ ಮಾಡಿದರೆ ಅದೇ ಸಂಹಿತೆಯ 106ನೇ ಕಲಮಿನಂತೆ ಅದನ್ನು ದಂಡಾಧಿಕಾರಿಗೆ ವರದಿ ಮಾಡಬೇಕು. ಹಕ್ಕು ಹೇಳುವವರು 503ನೇ ಕಲಮಿನಡಿ ಅವರಲ್ಲಿಯೇ ಅರ್ಜಿ ಹಾಕಬಹುದು.

ಕನ್ನಡಿಗರು ಭಾಷೆಗೆ ಅಂಜಿ ಹಿಂಜರಿಯಬೇಕಿಲ್ಲ. ರಾಜ್ಯದಲ್ಲಾಗಲಿ ಒಕ್ಕೂಟದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ಅನುಚ್ಛೇದ ಪ್ರತಿಯೊಬ್ಬರಿಗೂ ಕೊಟ್ಟಿರುವುದರಿಂದ, ಅರ್ಜಿಗೆ ಸ್ವೀಕೃತಿ ಕೊಡಲಿಲ್ಲ ಎಂಬ ದೂರನ್ನು ಕನ್ನಡದಲ್ಲಿಯೇ ಬರೆಯಬಹುದು. ಬೇಗ ಕೆಲಸವಾಗಲು ಮರಾಠಿ ಅನುವಾದವನ್ನು ಲಗತ್ತಿಸುವುದು ಒಳ್ಳೆಯದು. ಕಲ್ಲು ಯಾವ ಪ್ರಯೋಗಾಲಯಕ್ಕೆ ಹೋಯಿತು, ವರದಿ ಏನಾಯಿತು ಎಂದು ಕೇಳುವ ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಇಲ್ಲಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು; ಕೇಂದ್ರ ಸಂಸ್ಥೆಯಾದ ಸರ್ವೇಕ್ಷಣೆಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಸಾಮಾನ್ಯ ಗಡುವು 30 ದಿನ, ಮತ್ತು ಬರೆಯಲಾರದವರಿಗೆ ಬರೆಯಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ. ವಕೀಲರನ್ನು ನೇಮಿಸಿಕೊಳ್ಳಲಾರದ ಅರ್ಹರಿಗೆ, ಅವರಲ್ಲಿ ಮಹಿಳೆಯರೂ ಪರಿಶಿಷ್ಟ ಜಾತಿ ಪಂಗಡದವರೂ ಸೇರಿದಂತೆ, 1987ರ ಕಾಯ್ದೆಯಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ಅದಕ್ಕೆ 15100 ಸಂಖ್ಯೆಗೆ ಕರೆಮಾಡಬಹುದು.