ಮೊದಲನೆಯದು ಸಿಸೇರಿಯನ್, ಎರಡನೆಯದು?

‘ಮೊದಲನೇದು ಆಪರೇಷನ್ ಆಗೇತ್ರಿ. ಇದೂ ಆಪರೇಷನ್ನೇ ಏನ್ರಿ?’

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಗರ್ಭಿಣಿಯರು, ಅವರಿಗಿಂತ ಹೆಚ್ಚಾಗಿ ಜೊತೆಗೆ ಬಂದ ತಾಯಿ ಅಥವಾ ಅತ್ತೆ ಕೇಳುವ ಪ್ರಶ್ನೆ ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015-16ರಲ್ಲಿ ಶೇ 23.6 ಇದ್ದದ್ದು 2019-21ರಲ್ಲಿ ಶೇ 31.5ಕ್ಕೆ ಏರಿತು. ಈ ಪ್ರಶ್ನೆ ಕೇಳುವ ಮನೆಗಳೂ ಅಷ್ಟೇ ಹೆಚ್ಚಿವೆ.

ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್ನೇ ಎಂಬ ಮಾತು ಹಳೆಯದು. 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರಾಗಿನ್ ಬರೆದ ಲೇಖನದಿಂದ ಅದು ಪ್ರಚಾರಕ್ಕೆ ಬಂತು. ಆಗ ಗರ್ಭಕೋಶದ ಮೇಲ್ಭಾಗದ ದಪ್ಪ ಸ್ನಾಯುವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಮುಂದಿನ ಹೆರಿಗೆಯ ನೋವಿನಲ್ಲಿ ಆ ಗಾಯದ ಕಲೆ ಬಿರಿಯುವ ಭಯ ನಿಜವಾಗಿಯೂ ಇತ್ತು. ಈಗ ಸಾಮಾನ್ಯವಾಗಿ ಕೆಳಭಾಗದ ತೆಳುವಾದ ಜಾಗದಲ್ಲಿ ಅಡ್ಡಲಾಗಿ ಕೊಯ್ಯುತ್ತಾರೆ. ಅದು ಕೂಡಿಕೊಂಡ ಮೇಲೆ ಹೆಚ್ಚು ಗಟ್ಟಿ. ಇಂಥ ಒಂದೇ ಗಾಯವಿದ್ದು ಸಹಜ ಹೆರಿಗೆಗೆ ಪ್ರಯತ್ನಿಸಿದವರಲ್ಲಿ ನೂರಕ್ಕೆ ಸುಮಾರು 70ರಿಂದ 75 ಮಂದಿಗೆ ಅದು ಸಾಧ್ಯವಾಗುತ್ತದೆ. ಮೊದಲೊಮ್ಮೆ ಸಹಜ ಹೆರಿಗೆ ಆಗಿದ್ದವರಿಗೆ ಅವಕಾಶ ಇನ್ನೂ ಹೆಚ್ಚು. ಗರ್ಭಕೋಶ ಬಿರಿಯುವುದು ಸುಮಾರು 200ರಲ್ಲಿ ಒಬ್ಬರಿಗೆ.

ಆದರೆ ಆ ಒಬ್ಬರ ವಿಷಯ ಸಣ್ಣದಲ್ಲ. ಹೊಟ್ಟೆಯೊಳಗೇ ರಕ್ತಸ್ರಾವವಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಮಗುವಿಗೆ ಆಮ್ಲಜನಕ ನಿಲ್ಲಬಹುದು. ಆದ್ದರಿಂದ ‘ಸಹಜ ಹೆರಿಗೆ ಆದೀತೇ’ ಎಂಬುದರ ಜೊತೆಗೆ ‘ಎಲ್ಲಿ’ ಎಂದೂ ಕೇಳಬೇಕು. ಹಗಲಿರುಳು ಶಸ್ತ್ರಚಿಕಿತ್ಸೆ ಮಾಡಬಲ್ಲ, ಅರಿವಳಿಕೆ ವೈದ್ಯರಿರುವ, ರಕ್ತ ಸಿಗುವ, ನೋವು ಬಂದಷ್ಟು ಹೊತ್ತೂ ಮಗುವಿನ ಎದೆಬಡಿತ ನೋಡುವ ಆಸ್ಪತ್ರೆಯೇ ಆಗಬೇಕು. ಭಾನುವಾರ ರಾತ್ರಿ ಎರಡು ಗಂಟೆಗೆ ಅರಿವಳಿಕೆ ವೈದ್ಯರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ಸಮಾಧಾನ ಕೊಡದಿದ್ದರೆ ತಾಲ್ಲೂಕಿನಿಂದಾಚೆ, ಬಾಗಲಕೋಟೆಯಂಥ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸುವುದು ಲೇಸು. ಬೀಳಗಿಯವರಿಗೆ ಅದು ಹತ್ತಿರ, ಬನಹಟ್ಟಿಯವರಿಗೆ ದೂರ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಸಾಲಿನ ಹಿಂದೆ ಸಿಕ್ಕಿಕೊಂಡವರಿಗೆ ಆ ದೂರ ಎಷ್ಟೆಂದು ಹೇಳಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿದಾಗ ಎಷ್ಟೋ ರಸ್ತೆಗಳೇ ಮುಚ್ಚಿದ್ದವು. ದಿನ ಹತ್ತಿರವಾದಾಗ ಆಸ್ಪತ್ರೆ ಇರುವ ಊರಿನ ನೆಂಟರ ಮನೆಯಲ್ಲಿ ಉಳಿದರೆ ಅರ್ಧ ಚಿಂತೆ ಕಳೆದಂತೆ.

ಇನ್ನೊಂದು ತೊಡಕು ನಮ್ಮ ಪದ್ಧತಿಯಿಂದಲೇ ಬಂದದ್ದು. ಚೊಚ್ಚಲ ಬಾಣಂತನ ತವರಿನಲ್ಲಿ; ಆಪರೇಷನ್ನಿನ ಕಾಗದವೂ ತವರಿನ ಟ್ರಂಕಿನಲ್ಲಿ! ಎರಡನೆಯದಕ್ಕೆ ಗಂಡನ ಊರಿನ ವೈದ್ಯರ ಮುಂದೆ ಕೂತಾಗ ಕೈಯಲ್ಲಿ ಏನೂ ಇರುವುದಿಲ್ಲ. ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗಿನದನ್ನು ಹೇಳಲಾಗದು; ಚರ್ಮ ಅಡ್ಡ ಕೊಯ್ದಿದ್ದರೂ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಏಕೆ ಕೊಯ್ದರು, ಎಲ್ಲಿ ಕೊಯ್ದರು, ಆಮೇಲೆ ನಂಜಾಗಿತ್ತೇ ಎಂಬುದೆಲ್ಲ ಬಿಡುಗಡೆ ಚೀಟಿಯಲ್ಲಿರುತ್ತದೆ. ಅದನ್ನು ಹುಡುಕಿ ತಾಯಿ ಕಾರ್ಡಿನೊಂದಿಗೆ ಇಟ್ಟುಕೊಳ್ಳಿ. ಕಳೆದಿದ್ದರೆ ಹಳೆಯ ಆಸ್ಪತ್ರೆಯಲ್ಲಿ ನಕಲು ಕೇಳಿ.

ಮೊದಲ ಸಲ ಮಗು ಅಡ್ಡವಿತ್ತು ಅಥವಾ ಎದೆಬಡಿತ ಇಳಿದಿತ್ತು ಎಂಬ ಕಾರಣವಿದ್ದರೆ ಈ ಸಲ ಅದೇ ಆಗಬೇಕೆಂದಿಲ್ಲ. ಗರ್ಭಕೋಶ ಉದ್ದಕ್ಕೆ ಕೊಯ್ದಿದ್ದರೆ, ಹಿಂದೆ ಬಿರಿದಿದ್ದರೆ, ಮಾಸು ಗರ್ಭದ್ವಾರಕ್ಕೆ ಅಡ್ಡವಾಗಿದ್ದರೆ ಪ್ರಯತ್ನ ಬೇಡವೇ ಬೇಡ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದರೂ ಅಪಾಯ ಹೆಚ್ಚು.

ಹಾಗೆಂದು ಮತ್ತೆ ಆಪರೇಷನ್ ಮಾಡಿಸಿದರೆ ಎಲ್ಲ ಸಲೀಸು ಎಂದಲ್ಲ. ಪ್ರತಿ ಸಿಸೇರಿಯನ್‌ಗೂ ಮುಂದಿನ ಬಸಿರಲ್ಲಿ ಮಾಸು ಹಳೆಯ ಗಾಯಕ್ಕೆ ಆಳವಾಗಿ ಅಂಟುವ ಸಂಭವ ಏರುತ್ತದೆ; ಅಂಥ ಮಾಸನ್ನು ಬಿಡಿಸುವಾಗ ಗರ್ಭಕೋಶವನ್ನೇ ತೆಗೆಯಬೇಕಾದೀತು. ಇನ್ನೂ ಮಕ್ಕಳು ಬೇಕೆನ್ನುವವರು ಇದನ್ನು ಯೋಚಿಸಬೇಕು. ಎರಡೇ ಸಾಕೆಂದು ನಿಶ್ಚಯಿಸಿ ಆಪರೇಷನ್ನೇ ಇರಲಿ ಎನ್ನುವ ತಾಯಿಯ ಮಾತಿಗೂ ಬೆಲೆಯಿದೆ. ಅವಳನ್ನು ಹೆದರುಪುಕ್ಕಲಿ ಎನ್ನುವುದು ಸರಿಯಲ್ಲ. ಬೇರೆ ತೊಂದರೆ ಇಲ್ಲದಿದ್ದರೆ ಆ ಆಪರೇಷನ್ 39 ವಾರ ತುಂಬಿದ ಮೇಲೆ. ಮುಹೂರ್ತಕ್ಕಾಗಿ ಅದಕ್ಕಿಂತ ಮುಂಚೆ ಮಾಡಿಸಿದರೆ ಮಗುವಿಗೆ ಉಸಿರಾಟದ ತೊಂದರೆಯಾಗಬಹುದು. ನಿಗದಿಯಾದ ದಿನಕ್ಕೆ ಮೊದಲೇ ನೋವು ಬಂದರೆ ಪಂಚಾಂಗ ನೋಡುತ್ತ ಕೂರದೆ ಹೊರಡಬೇಕು.

ಹಳೆಯ ಗಾಯವಿರುವವರು ಮನೆಯಲ್ಲಿ ನೋವು ಬರಿಸುವ ಗುಳಿಗೆ, ಸೂಜಿ ತೆಗೆದುಕೊಳ್ಳುವುದು ಬಲು ಅಪಾಯ. ಬ್ಯಾನಿ ಶುರುವಾದಾಗಲೇ, ಅಥವಾ ನೀರು ಹೋದ ಕೂಡಲೇ ಆಸ್ಪತ್ರೆ ಸೇರಿ. ನೋವು ಬಂದು ಹೋಗುವ ನಡುವೆಯೂ ಹೊಟ್ಟೆನೋವು ನಿಲ್ಲದಿದ್ದರೆ, ಹೊಲಿಗೆಯ ಜಾಗ ತಟ್ಟನೆ ನೊಂದರೆ, ರಕ್ತ ಹೋದರೆ, ಕಣ್ಣು ಕತ್ತಲೆ ಬಂದರೆ, ಮಗುವಿನ ಹೊರಳಾಟ ಕಡಿಮೆಯಾದರೆ ಒಂದು ನಿಮಿಷವೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ‘ಮೊದಲು ಸಿಸೇರಿಯನ್ ಆಗಿದೆ’ ಎಂಬುದನ್ನೇ ಮೊದಲು ಹೇಳಿ.