ಡಯಾಲಿಸಿಸ್ ಮೇಲಿನ ಬದುಕು: ಎಷ್ಟು ವರ್ಷ?

1943ರಲ್ಲಿ ನೆದರ್ಲೆಂಡ್ಸ್‌ನ ವಿಲೆಮ್ ಕೋಲ್ಫ್ ಕೃತಕ ಮೂತ್ರಪಿಂಡ ಯಂತ್ರ ರೂಪಿಸಿದರೂ ಅದನ್ನು ದೀರ್ಘಕಾಲ ಬಳಸುವಂತಿರಲಿಲ್ಲ. ಪ್ರತಿ ಸಲವೂ ಹೊಸ ರಕ್ತನಾಳ ಬೇಕಾಗುತ್ತಿತ್ತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ನಳಿಕೆ ಅಳವಡಿಸಿದರು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ 11 ವರ್ಷ ಬದುಕಿದರು.

ಡಯಾಲಿಸಿಸ್‌ನ ಸಾಮಾನ್ಯ ಕ್ರಮ ವಾರಕ್ಕೆ 3 ಬಾರಿ, ತಲಾ 4 ಗಂಟೆ. ಅಂದರೆ ಮೂತ್ರಪಿಂಡ 168 ಗಂಟೆ ಮಾಡುವ ಕೆಲಸಕ್ಕೆ ಯಂತ್ರಕ್ಕೆ ಸಿಗುವುದು 12 ಗಂಟೆ. ಅಮೆರಿಕದಲ್ಲೂ ಹಿಮೋಡಯಾಲಿಸಿಸ್ (ಯಂತ್ರದ ಮೂಲಕ ರಕ್ತ ಶುದ್ಧೀಕರಣ) ಆರಂಭಿಸಿದವರಲ್ಲಿ 5 ವರ್ಷ ದಾಟುವವರು ಶೇ 40ರ ಆಸುಪಾಸು. ಸಾವಿಗೆ ಮುಖ್ಯ ಕಾರಣ ಹೃದ್ರೋಗ, ನಂತರ ಸೋಂಕು. ವಯಸ್ಸು, ಮಧುಮೇಹವೂ ಲೆಕ್ಕಕ್ಕೆ ಬರುತ್ತವೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಆಯುಷ್ಯ ಸಾಮಾನ್ಯವಾಗಿ ಹೆಚ್ಚು.

ವಾರಕ್ಕೆ 3 ಬಾರಿಯ ಈ ಕ್ರಮ ಎಲ್ಲರ ಕೈಗೆಟುಕುವುದಿಲ್ಲ. ಕೊಪ್ಪಳ ಜಿಲ್ಲೆಯ ಒಣಬೇಸಾಯದ ಕುಷ್ಟಗಿ, ಯಲಬುರ್ಗಾ ಹಳ್ಳಿಯ ಕೂಲಿಯವರಿಗೆ ವಾರದಲ್ಲಿ 3 ದಿನದ ದುಡಿಮೆ ಹೋಗುವುದೆಂದರೆ ಚಿಕಿತ್ಸೆ ಉಚಿತವಾದರೂ ದುಬಾರಿಯೇ. ಒಂದು ಸರದಿ ತಪ್ಪಿದರೂ ದೇಹದಲ್ಲಿ ನೀರು, ಪೊಟ್ಯಾಸಿಯಂ ಏರುತ್ತವೆ. ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಪೊಟ್ಯಾಸಿಯಂ ಹೆಚ್ಚಿರುವ ಎಳನೀರು, ಬಾಳೆಹಣ್ಣಿಗೆ ವೈದ್ಯರು ಬೇಡವೆನ್ನುವುದು ಇದಕ್ಕೇ.

ನೆನಪಿಡಿ: ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದದ್ದು 2016ರಲ್ಲಿ; ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ; ವಿಶ್ವ ಮೂತ್ರಪಿಂಡ ದಿನ ಮಾರ್ಚ್ ತಿಂಗಳ ಎರಡನೇ ಗುರುವಾರ.