ಹಿಂದಿನವರಿಗೂ ಐದು ನಿಮಿಷ

ಕುಕ್ಕೆಯಿಂದ ಕುಮಾರ ಪರ್ವತ ಹತ್ತುವವರು ಮೊದಲು ಕಾಲುಗುರು ಕತ್ತರಿಸಿಕೊಳ್ಳಿ. ನಗಬೇಡಿ, ಇಳಿಯುವಾಗ ಹೆಜ್ಜೆ ಹೆಜ್ಜೆಗೂ ಬೆರಳು ಬೂಟಿನ ಮೂತಿಗೆ ಗುದ್ದುತ್ತದೆ. ಗಿರಿಗದ್ದೆಯ ಭಟ್ಟರ ಮನೆಯ ತನಕ ಕಾಡಿನ ನೆರಳು. ಆಮೇಲೆ ಬಟಾಬಯಲು ಹುಲ್ಲುಗಾವಲು. ಬೆಳಕು ಹರಿಯುತ್ತಲೇ ಹೊರಡಿ. ಮಳೆ ಬಿಟ್ಟ ಹೊಸತರಲ್ಲಾದರೆ ಉಂಬಳಗಳಿಗೆ ಸುಣ್ಣವೋ ಉಪ್ಪೋ ಜೇಬಿನಲ್ಲಿರಲಿ.

ಪ್ರತಿ ಗುಂಪಿನಲ್ಲೂ ಹಿಂದೆ ಬೀಳುವವರೊಬ್ಬರು ಇದ್ದೇ ಇರುತ್ತಾರೆ. ಮುಂದೋಡಿದವರು ಬಂಡೆ ಮೇಲೆ ಕೂತು, ಕಡಲೆಮಿಠಾಯಿ ಮುರಿದು ಹಂಚಿಕೊಂಡು, ಫೋಟೊ ತೆಗೆಸಿಕೊಂಡು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ತಲುಪಿದರೋ ಇಲ್ಲವೋ, ‘ನಡೀರಿ, ಹೊರಡೋಣ’ ಎಂದು ಎದ್ದೇಬಿಡುತ್ತಾರೆ! ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿಯಿಲ್ಲ. (ಹೀಗೆ ಎದ್ದು ನಡೆದವರಲ್ಲಿ ನಾನೂ ಒಬ್ಬ.) ಅವರು ಕೂತು ನೀರು ಕುಡಿದ ಮೇಲೆ ಐದು ನಿಮಿಷ ಕಾಯಿರಿ. ಅವರನ್ನೇ ಮುಂದೆ ಬಿಟ್ಟರೆ ಇನ್ನೂ ಒಳ್ಳೆಯದು. ಮಾತು ಮುಂದುವರಿಯುತ್ತದೆ, ಯಾರೂ ದಾರಿ ತಪ್ಪುವುದಿಲ್ಲ.

ತುದಿ 1,712 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನ ಕಳೆದರೂ ನೀವಿನ್ನೂ ತುದಿಗೆ ಮೊದಲು ಸಿಗುವ ಶೇಷ ಪರ್ವತದಲ್ಲೇ ಇದ್ದರೆ, ಬುತ್ತಿ ಬಿಚ್ಚಿ ಅಲ್ಲೇ ಉಂಡು ಇಳಿಯಿರಿ. ಮಂಡಿಗಳಿಗೆ ಕೆಲಸ ಶುರುವಾಗುವುದೇ ಆಗ.